65 ಸಾವಿರ ಕೊಟ್ಟು ಕ್ಲೌಡ್ ಸರ್ಟಿಫಿಕೇಟ್ ಮಾಡಬೇಕೆ?

ಪ್ರಶ್ನೆ: ನಮಸ್ಕಾರ. ನಾನು ದಾವಣಗೆರೆಯವಳು. ಎಲೆಕ್ಟ್ರಾನಿಕ್ಸ್‌ನಲ್ಲಿ ಬಿಇ ಮುಗಿಸಿ ಬೆಂಗಳೂರಿನ ಒಂದು ಸರ್ವಿಸ್ ಕಂಪನಿ ಸೇರಿ ನಾಲ್ಕು ವರ್ಷ ಆಯಿತು. ಮೊದಲಿನಿಂದಲೂ ಜಾವಾ ಪ್ರೊಡಕ್ಷನ್ ಸಪೋರ್ಟ್‌ನಲ್ಲೇ ಇದ್ದೇನೆ. ಟಿಕೆಟ್ ನೋಡುವುದು, ಲಾಗ್ ತೆಗೆಯುವುದು, ಸಣ್ಣಪುಟ್ಟ ಫಿಕ್ಸ್ ಮಾಡುವುದು, ಇಷ್ಟೇ. ಸಂಬಳ ವರ್ಷಕ್ಕೆ 6 ಲಕ್ಷದ ಆಸುಪಾಸು. ಎರಡು ಅಪ್ರೈಸಲ್‌ನಲ್ಲೂ ಮ್ಯಾನೇಜರ್ 'ಒಂದು ಕ್ಲೌಡ್ ಸರ್ಟಿಫಿಕೇಷನ್ ಮಾಡ್ಕೊಳ್ಳಿ, ಆಮೇಲೆ ನೋಡೋಣ' ಎಂದರು. ಮಾರತ್‌ಹಳ್ಳಿಯ ಒಂದು ಇನ್‌ಸ್ಟಿಟ್ಯೂಟ್‌ನವರು ಎಡಬ್ಲ್ಯುಎಸ್ (ಅಮೆಜಾನ್‌ನ ಕ್ಲೌಡ್, ಅಂದರೆ ಬಾಡಿಗೆ ಸರ್ವರ್ ಸೇವೆ), ಡೆವ್‌ಆಪ್ಸ್ (ಸಾಫ್ಟ್‌ವೇರ್ ಬಿಡುಗಡೆ ಮಾಡಿ ನಡೆಸುವ ವಿಧಾನ), ಕುಬರ್ನೆಟೀಸ್ (ಅಪ್ಲಿಕೇಶನ್‌ಗಳನ್ನು ಹಲವು ಸರ್ವರ್‌ಗಳಲ್ಲಿ ನಡೆಸುವ ಉಪಕರಣ) ಮೂರೂ ಸೇರಿಸಿ 65 ಸಾವಿರ ಕೇಳುತ್ತಿದ್ದಾರೆ. ಇಎಂಐ ಉಂಟು, '100% ಪ್ಲೇಸ್‌ಮೆಂಟ್' ಎನ್ನುತ್ತಾರೆ. ಪಿಜಿಯ ಗೆಳತಿ ಡಂಪ್ಸ್ (ಸೋರಿದ ಪರೀಕ್ಷಾ ಪ್ರಶ್ನೆಗಳು) ಓದಿ ಎರಡೇ ವಾರದಲ್ಲಿ ಪಾಸಾದಳು, ನನಗೂ ಕೊಡುತ್ತೇನೆ ಎನ್ನುತ್ತಾಳೆ. ಪ್ರಾಡಕ್ಟ್ ಕಂಪನಿಯಲ್ಲಿರುವ ದೊಡ್ಡಮ್ಮನ ಮಗ ಮಾತ್ರ 'ಸರ್ಟಿಫಿಕೇಟ್ ಯಾರೂ ನೋಡಲ್ಲ, ಡಿಎಸ್‌ಎ (ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್) ಮಾಡು' ಎನ್ನುತ್ತಾನೆ. ಯಾರ ಮಾತು ಕೇಳಲಿ? ಜಾವಾ ಸರ್ಟಿಫಿಕೇಟ್ ಮಾಡಬೇಕೋ ಕ್ಲೌಡ್ ಮಾಡಬೇಕೋ? ಹತ್ತನೆಯವರೆಗೆ ಕನ್ನಡ ಮಾಧ್ಯಮ. ಉದ್ದುದ್ದ ಇಂಗ್ಲಿಷ್ ಪ್ರಶ್ನೆ ಓದುವುದರಲ್ಲೇ ಸಮಯ ಹೋಗುತ್ತದೆ ಎಂಬ ಭಯವೂ ಇದೆ.

ಉತ್ತರ: ನೀವು ಐದಾರು ಪ್ರಶ್ನೆ ಕೇಳಿದ್ದೀರಿ, ಆದರೆ ಆತಂಕ ಒಂದೇ. ನಾಲ್ಕು ವರ್ಷ ಸಪೋರ್ಟ್‌ನಲ್ಲೇ ಕಳೆಯಿತು, ಇನ್ನೆರಡು ವರ್ಷ ಹೀಗೇ ಹೋದರೆ ಇದೇ ಹಣೆಪಟ್ಟಿ ಉಳಿದುಬಿಡುತ್ತದೆ, ಅದಕ್ಕೆ ಮೊದಲೇ ಹೊರಬರಲು ಸರ್ಟಿಫಿಕೇಟ್ ಆಸರೆಯಾದೀತೆ ಎಂಬುದು. ಮೊದಲು ನೇರವಾಗಿ ಹೇಳಿಬಿಡುತ್ತೇನೆ, ಕಾರಣಗಳನ್ನು ಆಮೇಲೆ ನೋಡೋಣ. ಒಂದು ಕ್ಲೌಡ್ ಸರ್ಟಿಫಿಕೇಟ್ ಮಾಡಿ. 65 ಸಾವಿರ ಕೊಡಬೇಡಿ. ಡಂಪ್ಸ್ ಮುಟ್ಟಬೇಡಿ. ಜಾವಾ ಸರ್ಟಿಫಿಕೇಟ್ ಸದ್ಯಕ್ಕೆ ಬೇಡ. ಓದುವಾಗಲೇ ಕೈಯಾರೆ ಒಂದು ಸಣ್ಣ ವ್ಯವಸ್ಥೆ ಕಟ್ಟಿ. ನಾಲ್ಕು ವರ್ಷದ ಸಪೋರ್ಟ್ ಕೆಲಸವನ್ನು ರೆಸ್ಯೂಮೆಯಲ್ಲಿ ಸರಿಯಾಗಿ ಬರೆಯಿರಿ. ಕೊನೆಯ ಎರಡನ್ನು ಮಾಡದಿದ್ದರೆ ಮೊದಲನೆಯದರಿಂದ ಹೆಚ್ಚೇನೂ ಆಗುವುದಿಲ್ಲ.

ನಿಮ್ಮ ಮ್ಯಾನೇಜರ್ ಹೇಳಿದ್ದೂ ಸುಳ್ಳಲ್ಲ, ದೊಡ್ಡಮ್ಮನ ಮಗ ಹೇಳಿದ್ದೂ ಸುಳ್ಳಲ್ಲ. ಇಬ್ಬರೂ ತಾವಿರುವ ಜಾಗದ ಸತ್ಯವನ್ನೇ ಹೇಳಿದ್ದಾರೆ. ಪ್ರಾಡಕ್ಟ್ ಕಂಪನಿಗಳು ಸಾಮಾನ್ಯವಾಗಿ ಕೋಡಿಂಗ್ ಸುತ್ತು, ಡಿಎಸ್‌ಎ, ಸಿಸ್ಟಂ ಡಿಸೈನ್ ಎಂದು ತಾವೇ ಪರೀಕ್ಷೆ ಮಾಡಿ ಆಳು ತೆಗೆದುಕೊಳ್ಳುತ್ತವೆ. ಎದುರಿಗೆ ಕೂರಿಸಿಕೊಂಡು ನಾಲ್ಕೈದು ಗಂಟೆ ಪರೀಕ್ಷಿಸುವವರಿಗೆ ಬೇರೆಯವರು ಕೊಟ್ಟ ಸರ್ಟಿಫಿಕೇಟ್ ಏಕೆ ಬೇಕು? ಸರ್ವಿಸ್ ಕಂಪನಿಯ ಲೆಕ್ಕ ಬೇರೆ. ಅಲ್ಲಿ ಸರ್ಟಿಫಿಕೇಟ್ ಕಂಪನಿಗೇ ಬೇಕು. ಎಡಬ್ಲ್ಯುಎಸ್ ತನ್ನ ಪಾಲುದಾರ ಕಂಪನಿಗಳನ್ನು ಸೆಲೆಕ್ಟ್, ಅಡ್ವಾನ್ಸ್ಡ್, ಪ್ರೀಮಿಯರ್ ಎಂದು ಶ್ರೇಣಿ ಮಾಡುತ್ತದೆ. ಮೇಲಿನ ಶ್ರೇಣಿಗೆ ಹೋಗಲು ಕಂಪನಿಯಲ್ಲಿ ಇಷ್ಟು ಜನ ಸರ್ಟಿಫೈಡ್ ಇರಬೇಕು ಎಂಬ ನಿಯಮ ಇದೆ. ಮೈಕ್ರೋಸಾಫ್ಟ್ ಕೂಡ ಪಾಲುದಾರರಿಗೆ ಅಂಕ ಕೊಡುವಾಗ ಸರ್ಟಿಫೈಡ್ ನೌಕರರ ಸಂಖ್ಯೆಯನ್ನು ಪರಿಗಣಿಸುತ್ತದೆ. ಗ್ರಾಹಕರಿಗೆ ಪ್ರಸ್ತಾವ ಕಳಿಸುವಾಗಲೂ 'ನಮ್ಮಲ್ಲಿ ಇಷ್ಟು ಸರ್ಟಿಫೈಡ್ ಎಂಜಿನಿಯರ್‌ಗಳಿದ್ದಾರೆ' ಎಂದು ತೋರಿಸಬೇಕಾಗುತ್ತದೆ.

ಆದ್ದರಿಂದ ಮ್ಯಾನೇಜರ್ 'ಮಾಡ್ಕೊಳ್ಳಿ' ಎಂದಾಗ ಅದು ನಿಮ್ಮ ಬಡ್ತಿಯ ಮಾತೂ ಆಗಿರಬಹುದು, ಯೂನಿಟ್‌ನ ಟಾರ್ಗೆಟ್ಟೂ ಆಗಿರಬಹುದು. ಯಾವುದು ಎಂದು ತಿಳಿಯಲು ಒಂದು ದಾರಿ ಇದೆ. ಮುಂದಿನ ಒನ್-ಆನ್-ಒನ್‌ನಲ್ಲಿ ವಿನಯದಿಂದಲೇ ಕೇಳಿ: 'ಸರ್, ಹೋದ ವರ್ಷ ನಮ್ಮ ಅಕೌಂಟ್‌ನಲ್ಲಿ ಈ ಸರ್ಟಿಫಿಕೇಟ್ ಮಾಡಿದವರಲ್ಲಿ ಯಾರ್‍ಯಾರು ಕ್ಲೌಡ್ ಪ್ರಾಜೆಕ್ಟ್‌ಗೆ ಹೋದರು?' ಎರಡು ಹೆಸರು ಹೇಳಿದರೆ ಅವರ ಬಳಿ ಹೋಗಿ ಮಾತಾಡಿ. ಹೆಸರೇ ಬರದಿದ್ದರೆ ಈ ಕಂಪನಿಯಲ್ಲಿ ಸರ್ಟಿಫಿಕೇಟ್‌ಗೂ ಪ್ರಾಜೆಕ್ಟ್ ಬದಲಾವಣೆಗೂ ನಂಟಿಲ್ಲ ಎಂದಾಯಿತು. ಆಗಲೂ ಮಾಡಿ, ಆದರೆ ಹೊರಗಿನ ಕೆಲಸದ ಮೇಲೆ ಕಣ್ಣಿಟ್ಟು ಮಾಡಿ. ಪರೀಕ್ಷೆಯ ಶುಲ್ಕ ಕಂಪನಿ ಕೊಡುತ್ತದೆಯೇ, ಪಾಸಾದ ಮೇಲೆ ಕೊಡುತ್ತದೋ ಮೊದಲೇ ವೋಚರ್ ಸಿಗುತ್ತದೋ ಎಂಬುದನ್ನೂ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ. ಶುಲ್ಕ ಕೊಟ್ಟ ಮೇಲೆ ಇಂತಿಷ್ಟು ತಿಂಗಳೊಳಗೆ ಕೆಲಸ ಬಿಟ್ಟರೆ ಹಣ ಹಿಂದಿರುಗಿಸಬೇಕು ಎಂಬ ಷರತ್ತು ಕೆಲವು ಕಡೆ ಇರುತ್ತದೆ. ಪರೀಕ್ಷೆ ಶುಲ್ಕವಷ್ಟೇ ಆದರೆ ದೊಡ್ಡ ಹೊರೆಯಲ್ಲ. ತರಬೇತಿಯ ಖರ್ಚನ್ನೂ ಸೇರಿಸಿದ ಬಾಂಡ್ ಆದರೆ ಸಹಿ ಹಾಕುವ ಮೊದಲು ಎರಡು ಸಲ ಓದಿ.

ಬೆಲೆ ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ

ಸರ್ಟಿಫಿಕೇಟ್ ಅಂದರೆ ಒಂದು ಸೂಚನೆ, ಅಷ್ಟೇ. ಎದುರಿನವರಿಗೆ ನಿಮ್ಮ ಒಳಗಿನ ಸಾಮರ್ಥ್ಯ ಕಾಣಿಸುವುದಿಲ್ಲ, ಕಾಗದ ಕಾಣಿಸುತ್ತದೆ. ಅರ್ಥಶಾಸ್ತ್ರಜ್ಞ ಮೈಕಲ್ ಸ್ಪೆನ್ಸ್ 1973ರಲ್ಲೇ ಉದ್ಯೋಗ ಮಾರುಕಟ್ಟೆಯ ಈ ಸೂಚನೆಗಳ ಬಗ್ಗೆ ಬರೆದರು, 2001ರಲ್ಲಿ ಅವರಿಗೆ ನೊಬೆಲ್ ಬಂತು. ತಿರುಳು ಸರಳ: ಕೆಲಸ ಬಲ್ಲವರಿಗೆ ಸುಲಭ, ಬಾರದವರಿಗೆ ಕಷ್ಟ ಎಂಬಂತಿದ್ದರೆ ಮಾತ್ರ ಆ ಸೂಚನೆಗೆ ಬೆಲೆ. ಬಾರದವರೂ ಎರಡು ವಾರದಲ್ಲಿ ಪಡೆಯಬಹುದಾದರೆ ಬಲ್ಲವರ ಕೈಯಲ್ಲಿರುವ ಅದೇ ಕಾಗದಕ್ಕೂ ಬೆಲೆ ಇಳಿಯುತ್ತದೆ.

ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಗಳಿಗೆ ಆದದ್ದು ಇದೇ. ಪ್ರಶ್ನೆಗಳು ಸೋರಿ ಡಂಪ್ಸ್ ಆಗಿ ಮಾರಾಟವಾಗುತ್ತವೆ, ಹಾಗಾಗಿ ಸಂದರ್ಶನ ಮಾಡುವವರು ಅಂಥ ಸರ್ಟಿಫಿಕೇಟನ್ನು ಪೂರ್ತಿ ನಂಬುವುದಿಲ್ಲ. ಕೈಯಲ್ಲಿ ಕೆಲಸ ಮಾಡಿ ತೋರಿಸುವ ಪರೀಕ್ಷೆಗಳ ಗೌರವ ಉಳಿದುಕೊಂಡಿದೆ. ಕುಬರ್ನೆಟೀಸ್‌ನ ಸಿಕೆಎ ಪರೀಕ್ಷೆಯಲ್ಲಿ ಎರಡು ಗಂಟೆ ಟರ್ಮಿನಲ್ ಮುಂದೆ ಕೂತು ನಿಜವಾದ ಕ್ಲಸ್ಟರ್‌ಗಳಲ್ಲಿ ಕೆಲಸ ಮಾಡಬೇಕು, ಕೆಟ್ಟ ನೋಡ್ ಸರಿಪಡಿಸಬೇಕು. ಕುಬರ್ನೆಟೀಸ್‌ನ ಅಧಿಕೃತ ದಾಖಲೆ ತೆರೆದು ನೋಡಲು ಅವಕಾಶ ಇದೆ, ಆದರೂ 66% ಅಂಕ ದಾಟುವುದು ಬಾಯಿಪಾಠದವರಿಗೆ ಆಗದು. ರೆಡ್ ಹ್ಯಾಟ್‌ನ ಲಿನಕ್ಸ್ ಪರೀಕ್ಷೆ ಆರ್‌ಎಚ್‌ಸಿಎಸ್‌ಎ ಕೂಡ ಹೀಗೆಯೇ. ಸೆಕ್ಯುರಿಟಿಯ ಓಎಸ್‌ಸಿಪಿಯಲ್ಲಂತೂ ಹತ್ತಿರಹತ್ತಿರ 24 ಗಂಟೆ ಯಂತ್ರಗಳ ಮೇಲೆ ದಾಳಿ ನಡೆಸಿ, ಆಮೇಲೆ ವರದಿ ಬರೆದು ಕೊಡಬೇಕು.

ಇನ್ನು, ಸರ್ಟಿಫಿಕೇಟ್ ಇಲ್ಲದಿದ್ದರೆ ಒಳಗೇ ಬಿಡದ ಕ್ಷೇತ್ರಗಳೂ ಇವೆ. ಎಸ್‌ಎಪಿ, ಸೇಲ್ಸ್‌ಫೋರ್ಸ್, ಸರ್ವಿಸ್‌ನೌ ಎಂಬ ಬಿಸಿನೆಸ್ ಸಾಫ್ಟ್‌ವೇರ್‌ಗಳ ಕೆಲಸಗಳಲ್ಲಿ ಗ್ರಾಹಕರೇ ಸರ್ಟಿಫೈಡ್ ಜನರನ್ನು ಕೇಳುತ್ತಾರೆ, ಬಿಲ್ಲಿಂಗ್ ದರವೂ ಅದನ್ನು ಹಿಡಿದೇ ನಿಗದಿಯಾಗುತ್ತದೆ. ಸೆಕ್ಯುರಿಟಿ ಆಡಿಟ್‌ನಲ್ಲೂ ಹಾಗೆಯೇ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ ಮಾನ್ಯತೆ ಪಡೆದ ಆಡಿಟ್ ಸಂಸ್ಥೆಗಳ ವಿವರದಲ್ಲಿ ಸಿಐಎಸ್‌ಎಸ್‌ಪಿ ಸರ್ಟಿಫಿಕೇಟ್ ಇರುವವರು ಎಷ್ಟು ಮಂದಿ, ಸಿಐಎಸ್‌ಎ ಇರುವವರು ಎಷ್ಟು ಮಂದಿ ಎಂಬ ಲೆಕ್ಕವೇ ಇರುತ್ತದೆ. ಟೆಸ್ಟಿಂಗ್‌ನಲ್ಲಿ ಐಎಸ್‌ಟಿಕ್ಯುಬಿ ಫೌಂಡೇಶನ್ ಸರ್ಟಿಫಿಕೇಟ್‌ಗೆ ಬೇಡಿಕೆ ಇದೆ, ಅದಕ್ಕೆ ಅವಧಿ ಮುಗಿಯುವ ಗೊಡವೆಯೂ ಇಲ್ಲ. ಅಪ್ಪಟ ಪ್ರೋಗ್ರಾಮಿಂಗ್ ಕೆಲಸದಲ್ಲಿ ಮಾತ್ರ ಸರ್ಟಿಫಿಕೇಟ್‌ಗೆ ಎಲ್ಲಕ್ಕಿಂತ ಕಡಿಮೆ ಬೆಲೆ. ಬರೆದ ಕೋಡೇ ಕಣ್ಣೆದುರು ಇರುತ್ತದಲ್ಲ.

ಇದೇ ಕಾರಣಕ್ಕೆ ಜಾವಾ ಸರ್ಟಿಫಿಕೇಟ್ ನಿಮಗೆ ಈಗ ಬೇಡ ಎಂದೆ. ಜಾವಾ ರೂಪಿಸಿದ ಸನ್ ಕಂಪನಿಯ ಕಾಲದಲ್ಲಿ ಅದರ ಜಾವಾ ಸರ್ಟಿಫಿಕೇಟ್ ಎಸ್‌ಸಿಜೆಪಿ ಎಂದರೆ ಕ್ಯಾಂಪಸ್‌ಗಳಲ್ಲಿ ದೊಡ್ಡ ಹೆಸರು. 2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾಯಿತು, ಪರೀಕ್ಷೆ ಈಗಲೂ ಇದೆ. ಜಾವಾ 17ರ ಪರೀಕ್ಷೆಯಲ್ಲಿ 90 ನಿಮಿಷಕ್ಕೆ 50 ಪ್ರಶ್ನೆ, ಪಾಸಾಗಲು 68%. ಓವರ್‌ಲೋಡಿಂಗ್‌ನಲ್ಲಿ ಯಾವ ಮೆಥಡ್ ಕರೆಯಲ್ಪಡುತ್ತದೆ, ಜೆನೆರಿಕ್ಸ್‌ನ ಯಾವ ಸಾಲು ಕಂಪೈಲ್ ಆಗುವುದಿಲ್ಲ ಎಂಬಂಥ ಸೂಕ್ಷ್ಮಗಳೇ ಹೆಚ್ಚು. ಓದಿದರೆ ಭಾಷೆ ಗಟ್ಟಿಯಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಾಲ್ಕು ವರ್ಷದ ಅನುಭವದವರ ಜಾವಾ ಸಂದರ್ಶನದಲ್ಲಿ ಸ್ಪ್ರಿಂಗ್ ಬೂಟ್ (ಜಾವಾ ಅಪ್ಲಿಕೇಶನ್ ಬರೆಯುವ ಫ್ರೇಮ್‌ವರ್ಕ್), ಟ್ರಾನ್ಸಾಕ್ಷನ್, ಥ್ರೆಡ್, ಎಸ್‌ಕ್ಯುಎಲ್ ಇವನ್ನು ಕೇಳುತ್ತಾರೆಯೇ ಹೊರತು ಸರ್ಟಿಫಿಕೇಟ್ ಕೇಳುವವರು ಅಪರೂಪ. ಅದಕ್ಕೆ ಕೊಡುವ ಸಮಯವನ್ನು ಒಂದು ಸ್ಪ್ರಿಂಗ್ ಬೂಟ್ ಅಪ್ಲಿಕೇಶನ್ ಬರೆಯಲು ಕೊಡಿ. ಕ್ಲೌಡ್ ಓದಿಗೂ ಅದೇ ಬೇಕಾಗುತ್ತದೆ.

ಸಂಬಳದ ಬಗ್ಗೆ ಒಂದು ಮಾತು. 'ಈ ಸರ್ಟಿಫಿಕೇಟ್ ಇದ್ದವರ ಸಂಬಳ ಇಷ್ಟು' ಎಂಬ ಸಮೀಕ್ಷೆಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಬಹಳಷ್ಟನ್ನು ಮಾಡುವವರು ತರಬೇತಿ ಮಾರುವವರೇ. ಕ್ಲೌಡ್ ಪ್ರಾಜೆಕ್ಟ್‌ನಲ್ಲಿ ಈಗಾಗಲೇ ಇರುವವರು ಸರ್ಟಿಫಿಕೇಟನ್ನೂ ಹೆಚ್ಚು ಮಾಡುತ್ತಾರೆ, ಸಂಬಳವನ್ನೂ ಹೆಚ್ಚು ಪಡೆಯುತ್ತಾರೆ. ಎರಡೂ ಬಂದದ್ದು ಪ್ರಾಜೆಕ್ಟ್‌ನಿಂದ. ಇರುವ ಕಂಪನಿಯಲ್ಲೇ ಸರ್ಟಿಫಿಕೇಟ್ ತೋರಿಸಿ ದೊಡ್ಡ ಹೈಕ್ ನಿರೀಕ್ಷಿಸಬೇಡಿ. ನಿಮ್ಮ ಸ್ಥಿತಿಯಲ್ಲಿ ಅದರಿಂದ ಸಿಗುವುದು ಶಾರ್ಟ್‌ಲಿಸ್ಟ್. ರಿಕ್ರೂಟರ್ ನೌಕ್ರಿಯಲ್ಲೋ ಲಿಂಕ್ಡ್‌ಇನ್‌ನಲ್ಲೋ ಹುಡುಕುವಾಗ 'ಎಡಬ್ಲ್ಯುಎಸ್' ಎಂಬ ಪದ ನಿಮ್ಮ ಪ್ರೊಫೈಲ್‌ನಲ್ಲಿ ಇಲ್ಲದಿದ್ದರೆ ನೀವು ಅವರ ಪಟ್ಟಿಗೇ ಬರುವುದಿಲ್ಲ. ಸಪೋರ್ಟ್ ಕೆಲಸದಲ್ಲಿ ಆ ಪದವನ್ನು ಪ್ರಾಮಾಣಿಕವಾಗಿ ಬರೆಯಲು ಜಾಗ ಇರಲಿಲ್ಲ, ಈಗ ಸಿಗುತ್ತದೆ. ಮುಂದಿನ ಸುತ್ತುಗಳನ್ನು ಗೆಲ್ಲುವುದು ನಿಮ್ಮ ತಿಳಿವಳಿಕೆಯಿಂದ.

ಡಂಪ್ಸ್ ಓದಿದವರು ಸಿಕ್ಕಿಬೀಳುವ ಜಾಗ

ಒಂದು ಸಂದರ್ಶನದ ಪ್ರಶ್ನೆಯನ್ನೇ ನೋಡೋಣ. 'ಪ್ರೈವೇಟ್ ಸಬ್‌ನೆಟ್‌ನಲ್ಲಿ (ಇಂಟರ್ನೆಟ್‌ಗೆ ನೇರ ದಾರಿಯಿಲ್ಲದ ಜಾಲದ ಭಾಗದಲ್ಲಿ) ಒಂದು ಇಸಿ2 (ಎಡಬ್ಲ್ಯುಎಸ್‌ನ ಬಾಡಿಗೆ) ಸರ್ವರ್ ಇದೆ. ಅದು ಇಂಟರ್ನೆಟ್‌ನಿಂದ ಪ್ಯಾಕೇಜ್ ಇಳಿಸಿಕೊಳ್ಳಬೇಕು, ಟೈಮ್‌ಔಟ್ ಆಗುತ್ತಿದೆ. ಏನೇನು ನೋಡುತ್ತೀರಿ?'

ಡಂಪ್ಸ್ ಓದಿದವರು 'ನ್ಯಾಟ್ ಗೇಟ್‌ವೇ (ಒಳಗಿನ ಸರ್ವರ್ ಇಂಟರ್ನೆಟ್‌ಗೆ ಹೋಗುವ ದ್ವಾರ) ಹಾಕಬೇಕು' ಎಂದು ಥಟ್ಟನೆ ಹೇಳುತ್ತಾರೆ. ಪರೀಕ್ಷೆಯಲ್ಲಿ ಅದೇ ಸರಿಯುತ್ತರ. 'ಹಾಕಿದ್ದಾರೆ, ಆದರೂ ಹೋಗುತ್ತಿಲ್ಲ' ಎಂದರೆ ಮಾತು ನಿಂತುಹೋಗುತ್ತದೆ. ಕೈಯಲ್ಲಿ ಒಮ್ಮೆ ಮಾಡಿದವರು ಹಂತಹಂತವಾಗಿ ಹೋಗುತ್ತಾರೆ. ಪ್ರೈವೇಟ್ ಸಬ್‌ನೆಟ್‌ನ ರೂಟ್ ಟೇಬಲ್‌ನಲ್ಲಿ 0.0.0.0/0 (ಅಂದರೆ ಎಲ್ಲ ಹೊರಗಿನ ವಿಳಾಸ) ಎಂಬ ಸಾಲು ನ್ಯಾಟ್ ಗೇಟ್‌ವೇ ಕಡೆಗೆ ಇದೆಯೇ? ಆ ನ್ಯಾಟ್ ಗೇಟ್‌ವೇಯನ್ನು ಪಬ್ಲಿಕ್ ಸಬ್‌ನೆಟ್‌ನಲ್ಲಿ ಇಟ್ಟಿದ್ದಾರೋ, ತಪ್ಪಿ ಪ್ರೈವೇಟ್‌ನಲ್ಲೇ ಇಟ್ಟಿದ್ದಾರೋ? (ಹೊಸಬರು ಮಾಡುವ ಅತಿ ಸಾಮಾನ್ಯ ತಪ್ಪು ಇದು.) ಪಬ್ಲಿಕ್ ಸಬ್‌ನೆಟ್‌ನ ರೂಟ್ ಇಂಟರ್ನೆಟ್ ಗೇಟ್‌ವೇಗೆ ಹೋಗುತ್ತದೆಯೇ? ಸೆಕ್ಯುರಿಟಿ ಗ್ರೂಪ್‌ನ (ಸರ್ವರ್‌ನ ಕಾವಲು ನಿಯಮಗಳ) ಔಟ್‌ಬೌಂಡ್ ತೆರೆದಿದೆಯೇ? ಸೆಕ್ಯುರಿಟಿ ಗ್ರೂಪ್ ಹೊರಗೆ ಹೋದ ಸಂಪರ್ಕವನ್ನು ನೆನಪಿಟ್ಟುಕೊಂಡು ಮರಳಿ ಬರುವ ಉತ್ತರವನ್ನು ತಾನೇ ಒಳಗೆ ಬಿಡುತ್ತದೆ. ನೆಟ್‌ವರ್ಕ್ ಎಸಿಎಲ್ (ಇಡೀ ಸಬ್‌ನೆಟ್‌ನ ಕಾವಲು) ಹಾಗಲ್ಲ, ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಅಲ್ಲಿ ಮರಳಿ ಬರುವ ಉತ್ತರಕ್ಕೂ 1024ರಿಂದ 65535ರವರೆಗಿನ ಪೋರ್ಟ್‌ಗಳನ್ನು ಬೇರೆಯಾಗಿ ತೆರೆದಿರಬೇಕು. ಕೊನೆಗೆ, ಸರ್ವರ್‌ಗೆ ಬೇಕಾಗಿರುವುದು ಬರೀ ಎಸ್3 (ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹ) ಆಗಿದ್ದರೆ ನ್ಯಾಟ್ ಏಕೆ? ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ ಇದೆ, ಅದಕ್ಕೆ ಪ್ರತ್ಯೇಕ ಶುಲ್ಕವೂ ಇಲ್ಲ.

ಈ ಉತ್ತರ ಕೊಟ್ಟವರನ್ನು ಸಪೋರ್ಟ್‌ನಿಂದ ಬಂದವರು ಎಂದು ಯಾರೂ ದೂರ ಇಡುವುದಿಲ್ಲ. ನಿಜ ಹೇಳಬೇಕೆಂದರೆ ಸಪೋರ್ಟ್‌ನಲ್ಲಿದ್ದವರಿಗೇ ಇದು ಬೇಗ ಹತ್ತುತ್ತದೆ. ಒಂದೊಂದನ್ನೇ ತಳ್ಳಿಹಾಕುತ್ತ ಮೂಲಕ್ಕೆ ಹೋಗುವುದೇ ನಿಮ್ಮ ದಿನನಿತ್ಯದ ಕೆಲಸ.

ಡಂಪ್ಸ್‌ನ ಇನ್ನೊಂದು ಅಪಾಯ ನಿಮ್ಮ ಗೆಳತಿಗೆ ಗೊತ್ತಿರಲಿಕ್ಕಿಲ್ಲ. ಪರೀಕ್ಷೆಗೆ ಮೊದಲು ಒಪ್ಪಿಗೆ ಕೊಡುವ ಕರಾರಿನಲ್ಲೇ ಸೋರಿದ ಪ್ರಶ್ನೆ ಬಳಸುವುದು ನಿಷಿದ್ಧ ಎಂದಿರುತ್ತದೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದು ಮಾಡುವ, ಮುಂದೆ ಪರೀಕ್ಷೆಗೆ ಕೂರಲು ಬಿಡದಿರುವ ಅಧಿಕಾರ ಅವರಿಗಿದೆ. ಮೇಲಾಗಿ ಡಂಪ್ಸ್‌ನಲ್ಲಿರುವ ಉತ್ತರಗಳೇ ಎಷ್ಟೋ ಕಡೆ ತಪ್ಪು. ಹಾಗೆಂದು ಎಲ್ಲ ಅಭ್ಯಾಸ ಪ್ರಶ್ನೆಗಳನ್ನೂ ಅನುಮಾನಿಸಬೇಡಿ. ಬೇರೆಯವರು ಸ್ವಂತವಾಗಿ ಬರೆದ, ಪ್ರತಿ ಉತ್ತರಕ್ಕೂ ವಿವರಣೆ ಇರುವ ಪ್ರಾಕ್ಟೀಸ್ ಟೆಸ್ಟ್‌ಗಳು ಧಾರಾಳವಾಗಿ ಬಳಸಬಹುದಾದವು. 'ನಿಜವಾದ ಪರೀಕ್ಷೆಯ ಪ್ರಶ್ನೆಗಳು' ಎಂದು ಮಾರುವುದು ಮಾತ್ರ ಡಂಪ್ಸ್.

ಇನ್‌ಸ್ಟಿಟ್ಯೂಟ್‌ನ 65 ಸಾವಿರ

ನಿಮಗೆ ಹೊಂದುವ ಪರೀಕ್ಷೆ ಎಡಬ್ಲ್ಯುಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್. ಶುಲ್ಕ 150 ಡಾಲರ್, ತೆರಿಗೆ ಸೇರಿ ಹೆಚ್ಚುಕಮ್ಮಿ 15 ಸಾವಿರ ರೂಪಾಯಿ. ಒಂದು ವಿಡಿಯೊ ಕೋರ್ಸ್, ಒಂದು ಪ್ರಾಕ್ಟೀಸ್ ಟೆಸ್ಟ್ ಕಟ್ಟು, ಎರಡೂ ಸೇಲ್ ಇದ್ದಾಗ ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಎಡಬ್ಲ್ಯುಎಸ್‌ನ ಸ್ವಂತ ಸ್ಕಿಲ್ ಬಿಲ್ಡರ್‌ನಲ್ಲಿ ಉಚಿತ ಪಾಠಗಳಿವೆ. ಅಭ್ಯಾಸದ ಖಾತೆಗೆ ಎರಡು ಮೂರು ಸಾವಿರ ಇಟ್ಟುಕೊಂಡರೂ ಒಟ್ಟು 20 ಸಾವಿರ ದಾಟುವುದಿಲ್ಲ. ಉಳಿದ 45 ಸಾವಿರಕ್ಕೆ ಇನ್‌ಸ್ಟಿಟ್ಯೂಟ್ ಏನು ಕೊಡುತ್ತದೆ ಎಂದು ಅವರನ್ನೇ ಕೇಳಿ. ಶುಲ್ಕದಲ್ಲಿ ಪರೀಕ್ಷೆಯ ವೋಚರ್ ಸೇರಿದೆಯೇ, '100% ಪ್ಲೇಸ್‌ಮೆಂಟ್' ಎಂಬುದನ್ನು ರಸೀದಿಯ ಮೇಲೆ ಬರೆದುಕೊಡುತ್ತಾರೆಯೇ, ಕೆಲಸ ಸಿಗದಿದ್ದರೆ ಹಣ ವಾಪಸ್ಸೇ, ಪಾಠ ಮಾಡುವವರು ಯಾರು, ಈಗ ನಡೆಯುತ್ತಿರುವ ಬ್ಯಾಚ್‌ನಲ್ಲಿ ಒಂದು ದಿನ ಕೂರಲು ಬಿಡುತ್ತಾರೆಯೇ? ಸಾಮಾನ್ಯವಾಗಿ ಆ ಪ್ಲೇಸ್‌ಮೆಂಟ್ ಎಂದರೆ ನಿಮ್ಮ ರೆಸ್ಯೂಮೆಯನ್ನು ನಾಲ್ಕು ಕನ್ಸಲ್ಟೆನ್ಸಿಗಳಿಗೆ ಕಳಿಸುವುದು.

ಇಎಂಐ ಬಗ್ಗೆ ಹೆಚ್ಚು ಎಚ್ಚರ ಬೇಕು. ಬಹಳ ಸಲ ಅದು ಇನ್‌ಸ್ಟಿಟ್ಯೂಟ್‌ನ ಕಂತಲ್ಲ, ಒಂದು ಹಣಕಾಸು ಕಂಪನಿಯಿಂದ ನಿಮ್ಮ ಹೆಸರಿನಲ್ಲಿ ತೆಗೆದ ಸಾಲ. ತರಗತಿ ಅರ್ಧಕ್ಕೆ ನಿಂತರೂ ಕಂತು ನಿಲ್ಲುವುದಿಲ್ಲ, ಕಟ್ಟದಿದ್ದರೆ ನಿಮ್ಮ ಸಿಬಿಲ್ ಸ್ಕೋರ್ ಹಾಳು. ಇನ್ನೊಂದು ವಿಷಯ: ಕೆಲವು ಕಡೆ 'ಸಪೋರ್ಟ್ ಅಂತ ಹಾಕಬೇಡಿ, ಮೂರು ವರ್ಷ ಡೆವ್‌ಆಪ್ಸ್ ಅನುಭವ ಅಂತ ರೆಸ್ಯೂಮೆ ಮಾಡಿಕೊಡುತ್ತೇವೆ' ಎನ್ನುತ್ತಾರೆ. ಹಾಗೆ ಹೇಳಿದ ಕಡೆಯಿಂದ ಎದ್ದು ಬನ್ನಿ. ಹೊಸ ಕಂಪನಿ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮಾಡಿಸುತ್ತದೆ, ಯುಎಎನ್ ಮೂಲಕ ಪಿಎಫ್ ಸೇವಾ ಇತಿಹಾಸ ನೋಡುತ್ತದೆ, ಹಳೆಯ ಕಂಪನಿಗೆ ಹುದ್ದೆ ಕೇಳಿ ಬರೆಯುತ್ತದೆ. ಸುಳ್ಳು ಸಿಕ್ಕರೆ ಸೇರಿದ ಮೇಲೂ ತೆಗೆದುಹಾಕುತ್ತಾರೆ. ನಿಮ್ಮ ಕೈಯಲ್ಲಿ ನಾಲ್ಕು ವರ್ಷದ ನಿಜವಾದ ಅನುಭವ ಇದೆ, ಅದನ್ನು ಯಾರದೋ ಮಾತಿಗೆ ಪಣಕ್ಕಿಡಬೇಡಿ.

ಒಬ್ಬರೇ ಕೂತು ಓದಲು ಆಗುವುದಿಲ್ಲ, ಯಾರಾದರೂ ಹಿಂದೆ ಬೀಳಲೇಬೇಕು ಎನ್ನುವವರು ಇರುತ್ತಾರೆ. ಅಂಥವರಿಗೆ ತರಗತಿ ತಪ್ಪಲ್ಲ. ಆಗಲೂ ಮೂರರ ಪ್ಯಾಕೇಜ್ ಬೇಡ, ಒಂದೇ ವಿಷಯಕ್ಕೆ, ಕೈಯಲ್ಲಿರುವ ಹಣಕ್ಕೆ ಸೇರಿ.

ಮೂರು ತಿಂಗಳಲ್ಲಿ ಹೇಗೆ ಮಾಡುವುದು

ಪರೀಕ್ಷೆಯಲ್ಲಿ 65 ಪ್ರಶ್ನೆ, 130 ನಿಮಿಷ. ಅದರಲ್ಲಿ 15 ಪ್ರಶ್ನೆಗಳಿಗೆ ಅಂಕವಿಲ್ಲ, ಯಾವುವು ಎಂದು ತಿಳಿಯುವುದಿಲ್ಲ. 1000ಕ್ಕೆ 720 ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಪಠ್ಯದಲ್ಲಿ ಭದ್ರತೆಗೆ 30%, ವ್ಯವಸ್ಥೆ ಬೀಳದಂತೆ ಕಟ್ಟುವುದಕ್ಕೆ 26%, ವೇಗಕ್ಕೆ 24%, ಖರ್ಚಿನ ಹಿಡಿತಕ್ಕೆ 20%. ಫೇಲಾದರೆ 14 ದಿನ ಕಾದು ಮತ್ತೆ ಪೂರ್ತಿ ಶುಲ್ಕ ಕಟ್ಟಿ ಬರೆಯಬೇಕು.

ಕೆಲಸದ ದಿನ ಒಂದು ಗಂಟೆ, ವಾರಾಂತ್ಯ ಮೂರು ನಾಲ್ಕು ಗಂಟೆ ಕೂತರೆ ಹನ್ನೆರಡು ವಾರದಲ್ಲಿ ನೂರು ಗಂಟೆ ಆಗುತ್ತದೆ. ನಿಮಗೆ ಅಷ್ಟು ಸಾಕು. ಆದರೆ ನೂರು ಗಂಟೆಯೂ ವಿಡಿಯೊ ನೋಡಬೇಡಿ, ಅರ್ಧ ಸಮಯ ಕೈಕೆಲಸಕ್ಕೆ ಇರಲಿ. ಒಂದು ಸಣ್ಣ ಸ್ಪ್ರಿಂಗ್ ಬೂಟ್ ಅಪ್ಲಿಕೇಶನ್ ಬರೆಯಿರಿ. ಟಿಕೆಟ್ ದಾಖಲಿಸಿ ಸ್ಥಿತಿ ತೋರಿಸುವಂಥದ್ದಾದರೂ ಸಾಕು, ಆ ವಿಷಯ ನಿಮಗೆ ಚೆನ್ನಾಗಿ ಗೊತ್ತಿದೆ. ಅದನ್ನು ಮುಂಬೈ ರೀಜನ್‌ನಲ್ಲಿ ಎರಡು ಅವೈಲಬಿಲಿಟಿ ಜೋನ್‌ಗಳಲ್ಲಿ (ಪ್ರತ್ಯೇಕ ಡೇಟಾಸೆಂಟರ್ ಗುಂಪುಗಳಲ್ಲಿ) ಓಡಿಸಿ, ಮುಂದೆ ಕೋರಿಕೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್ ಇಡಿ, ಡೇಟಾಬೇಸನ್ನು ಪ್ರೈವೇಟ್ ಸಬ್‌ನೆಟ್‌ನಲ್ಲಿ ಆರ್‌ಡಿಎಸ್ (ಎಡಬ್ಲ್ಯುಎಸ್‌ನ ಡೇಟಾಬೇಸ್ ಸೇವೆ) ಮೇಲೆ ಇಡಿ, ಲಾಗ್‌ಗಳನ್ನು ಕ್ಲೌಡ್‌ವಾಚ್‌ಗೆ ಕಳಿಸಿ. ಮೊದಲ ಸಲ ಕನ್ಸೋಲ್‌ನಲ್ಲಿ ಕ್ಲಿಕ್ ಮಾಡಿ ಕಟ್ಟಿ, ಎರಡನೇ ಸಲ ಟೆರಾಫಾರ್ಮ್‌ನಲ್ಲಿ (ವ್ಯವಸ್ಥೆಯನ್ನು ಕೋಡ್ ಆಗಿ ಬರೆಯುವ ಉಪಕರಣದಲ್ಲಿ) ಬರೆಯಿರಿ. ಆಮೇಲೆ ಬೇಕೆಂದೇ ಕೆಡಿಸಿ: ಒಂದು ಸರ್ವರ್ ನಿಲ್ಲಿಸಿ, ರೂಟ್ ಅಳಿಸಿ, ಸೆಕ್ಯುರಿಟಿ ಗ್ರೂಪ್ ಮುಚ್ಚಿ. ಏನಾಯಿತು, ಹೇಗೆ ಪತ್ತೆ ಮಾಡಿದಿರಿ ಎಂದು ಗಿಟ್‌ಹಬ್‌ನ ರೀಡ್‌ಮಿಯಲ್ಲಿ ಬರೆದಿಡಿ. ಸಂದರ್ಶನದಲ್ಲಿ ಮಾತು ಬೆಳೆಯುವುದು ಆ ಪುಟದಿಂದಲೇ.

ಹಣ ಸೋರುವ ಜಾಗಗಳನ್ನು ಮೊದಲೇ ತಿಳಿದುಕೊಳ್ಳಿ. ಖಾತೆ ತೆರೆದ ದಿನವೇ ರೂಟ್ ಬಳಕೆದಾರರಿಗೆ ಎಂಎಫ್‌ಎ (ಪಾಸ್‌ವರ್ಡ್ ಜೊತೆ ಎರಡನೇ ಹಂತದ ಪರಿಶೀಲನೆ) ಹಾಕಿ, ಬಜೆಟ್ ಅಲರ್ಟ್ ಇಡಿ. ಅಲರ್ಟ್ ಎಚ್ಚರಿಸುತ್ತದೆ ಅಷ್ಟೇ, ಖರ್ಚನ್ನು ತಾನಾಗಿ ನಿಲ್ಲಿಸುವುದಿಲ್ಲ. ನ್ಯಾಟ್ ಗೇಟ್‌ವೇಗೆ ಗಂಟೆ ಲೆಕ್ಕದಲ್ಲಿ ಬಿಲ್ ಆಗುತ್ತದೆ, ಒಂದು ತಿಂಗಳು ಮರೆತುಬಿಟ್ಟರೆ 30 ಡಾಲರ್ ದಾಟುತ್ತದೆ. ಲೋಡ್ ಬ್ಯಾಲೆನ್ಸರ್‌ಗೂ ಹೀಗೆಯೇ. ಆರ್‌ಡಿಎಸ್ ಅನ್ನು 'ಸ್ಟಾಪ್' ಮಾಡಿ ನೆಮ್ಮದಿಯಾಗಿ ಕೂರುವವರು ಬಹಳ, ಆದರೆ ಏಳು ದಿನ ಆದ ಮೇಲೆ ಅದು ತಾನಾಗಿಯೇ ಮತ್ತೆ ಶುರುವಾಗುತ್ತದೆ. ಅಭ್ಯಾಸ ಮುಗಿದ ರಾತ್ರಿಯೇ ಎಲ್ಲವನ್ನೂ ಅಳಿಸಿ. ಟೆರಾಫಾರ್ಮ್ ಕಲಿಯಲು ಇದೂ ಒಂದು ಕಾರಣ, ಒಂದೇ ಆಜ್ಞೆಗೆ ಎಲ್ಲ ಅಳಿದುಹೋಗುತ್ತದೆ. ಆಕ್ಸೆಸ್ ಕೀಯನ್ನು ಎಂದಿಗೂ ಗಿಟ್‌ಹಬ್‌ಗೆ ಹಾಕಬೇಡಿ. ಅವನ್ನು ಹುಡುಕಲೆಂದೇ ಸದಾ ಜಾಲಾಡುವ ಬಾಟ್‌ಗಳಿವೆ, ಸಿಕ್ಕಿದ ಕೂಡಲೇ ನಿಮ್ಮ ಖಾತೆಯಲ್ಲಿ ದೊಡ್ಡ ಸರ್ವರ್‌ಗಳನ್ನು ಓಡಿಸಿ ಬಿಲ್ ಏರಿಸುತ್ತವೆ. ಕಂಪನಿಯ ಕೋಡಂತೂ ಒಂದು ಸಾಲೂ ಅಲ್ಲಿ ಇರಕೂಡದು.

ಕೊನೆಯ ಮೂರು ವಾರ ಪ್ರಾಕ್ಟೀಸ್ ಟೆಸ್ಟ್ ಮಾಡಿ. ಪ್ರತಿ ತಪ್ಪಿಗೂ ಸರಿಯುತ್ತರ ಏಕೆ ಸರಿ ಎಂಬುದರ ಜೊತೆಗೆ ಉಳಿದ ಮೂರು ಏಕೆ ಅಲ್ಲ ಎಂದೂ ಒಂದು ಸಾಲು ಬರೆಯಿರಿ. ಅದೇ ಟೆಸ್ಟನ್ನು ಮತ್ತೆ ಮಾಡಿ 90 ಬಂತು ಎಂದು ಹಿಗ್ಗಬೇಡಿ, ಅದು ನೆನಪಿನ ಅಂಕ. ಹೊಸ ಟೆಸ್ಟ್‌ನಲ್ಲಿ ಮೊದಲ ಸಲಕ್ಕೇ 80% ಬರತೊಡಗಿದಾಗ ದಿನಾಂಕ ಗೊತ್ತು ಮಾಡಿ.

ಇಂಗ್ಲಿಷ್ ಭಯಕ್ಕೆ ನೇರ ಪರಿಹಾರವೇ ಇದೆ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಎಡಬ್ಲ್ಯುಎಸ್ 30 ನಿಮಿಷ ಹೆಚ್ಚುವರಿ ಸಮಯ ಕೊಡುತ್ತದೆ. ಸರ್ಟಿಫಿಕೇಶನ್ ಖಾತೆಯಲ್ಲಿ ಅಕಾಮಡೇಶನ್ ವಿಭಾಗಕ್ಕೆ ಹೋಗಿ ಕೋರಿಕೆ ಸಲ್ಲಿಸಿದರೆ ಸಾಕು. ಆದರೆ ಸೀಟು ಬುಕ್ ಮಾಡುವುದಕ್ಕೆ ಮೊದಲೇ ಮಾಡಬೇಕು, ಬುಕ್ ಆದ ಮೇಲೆ ಕೇಳಿದರೆ ಆ ಬುಕಿಂಗ್‌ಗೆ ಸಿಗುವುದಿಲ್ಲ. ಇದು ತಿಳಿಯದೆ 130 ನಿಮಿಷದಲ್ಲೇ ಒದ್ದಾಡಿ ಬರುವವರು ನಮ್ಮಲ್ಲಿ ಎಷ್ಟೋ ಜನ. ಓದುವ ಕ್ರಮವನ್ನೂ ಬದಲಿಸಿ: ಉದ್ದದ ಪ್ರಶ್ನೆಯಲ್ಲಿ ಕೊನೆಯ ವಾಕ್ಯವನ್ನು ಮೊದಲು ಓದಿ. 'ಅತಿ ಕಡಿಮೆ ಖರ್ಚಿನಲ್ಲಿ' ಎಂದು ಕೇಳಿದ್ದಾರೋ 'ನಿರ್ವಹಣೆಯ ಹೊರೆ ಅತಿ ಕಡಿಮೆ ಇರುವಂತೆ' ಎಂದು ಕೇಳಿದ್ದಾರೋ ಎಂಬುದು ಅಲ್ಲಿರುತ್ತದೆ, ಅರ್ಧ ಆಯ್ಕೆಗಳು ಅದರಿಂದಲೇ ಬಿದ್ದುಹೋಗುತ್ತವೆ.

ಪಿಜಿಯಲ್ಲಿ ಕೂತು ಆನ್‌ಲೈನ್‌ನಲ್ಲಿ ಬರೆಯಬೇಡಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ. ಮನೆಯಲ್ಲಿ ಬರೆಯುವಾಗ ಕೋಣೆಗೆ ಬೇರೆ ಯಾರೂ ಬರಕೂಡದು, ಮೇಜು ಖಾಲಿ ಇರಬೇಕು, ಪ್ರಶ್ನೆಯನ್ನು ತುಟಿಯಲ್ಲಿ ಓದಿಕೊಂಡರೂ ಎಚ್ಚರಿಕೆ ಬರುತ್ತದೆ. ರೂಮ್‌ಮೇಟ್ ಬಾಗಿಲು ತೆರೆದರೆ ಪರೀಕ್ಷೆಯೇ ರದ್ದಾಗಬಹುದು. ಹೆಸರಿನ ಬಗ್ಗೆಯೂ ನಿಗಾ ಇರಲಿ. ನಮ್ಮ ಕಡೆ ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟ್‌ನಲ್ಲಿ ತಂದೆಯ ಪೂರ್ತಿ ಹೆಸರು, ಆಫೀಸ್ ಇಮೇಲ್‌ನಲ್ಲಿ ಮತ್ತೊಂದು ರೂಪ, ಹೀಗೆ ಇರುತ್ತದೆ. ಅಂದು ತೋರಿಸಲಿರುವ ಗುರುತಿನ ಚೀಟಿಯಲ್ಲಿ ಇರುವ ಹಾಗೆಯೇ ಖಾತೆಯಲ್ಲೂ ಹೆಸರು ಇರಬೇಕು. ತಾಳೆಯಾಗದೆ ವಾಪಸ್ ಕಳಿಸಿದರೆ ಶುಲ್ಕ ಹೋದಂತೆಯೇ.

ರೆಸ್ಯೂಮೆ ಮತ್ತು ಅದರ ನಂತರ

ಸರ್ಟಿಫಿಕೇಟ್‌ಗೆ ರೆಸ್ಯೂಮೆಯಲ್ಲಿ ಒಂದೇ ಸಾಲು, ಪಕ್ಕದಲ್ಲಿ ಕ್ರೆಡ್ಲಿ ಎಂಬ ಡಿಜಿಟಲ್ ಬ್ಯಾಡ್ಜ್ ತಾಣದ ಪರಿಶೀಲನೆ ಲಿಂಕ್. ಹೆಚ್ಚು ಜಾಗ ನಿಮ್ಮ ಕೆಲಸಕ್ಕೆ ಬೇಕು. 'ಪ್ರೊಡಕ್ಷನ್ ಟಿಕೆಟ್‌ಗಳನ್ನು ನಿಭಾಯಿಸಿದೆ' ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ತಿಂಗಳ ಕೊನೆಯಲ್ಲಿ ಬಿಲ್ಲಿಂಗ್ ಬ್ಯಾಚ್ ನಿಧಾನವಾಗುತ್ತಿತ್ತು; ಇಂಡೆಕ್ಸ್ ಇಲ್ಲದ ಕ್ವೆರಿ ಕಾರಣ ಎಂದು ಪತ್ತೆ ಮಾಡಿ, ಬದಲಾವಣೆ ಬರೆದು, ಡೆವಲಪ್‌ಮೆಂಟ್ ತಂಡದ ಜೊತೆ ಬಿಡುಗಡೆ ಮಾಡಿದೆ' ಎಂದು ಬರೆದರೆ ನೀವು ಕೋಡ್ ಓದಬಲ್ಲವರು, ಡೇಟಾಬೇಸ್ ಬಲ್ಲವರು ಎಂದು ಕಾಣುತ್ತದೆ. ನಿಮ್ಮ ಹಳೆಯ ಟಿಕೆಟ್‌ಗಳನ್ನು ತೆಗೆದು ಇಂಥ ಐದಾರು ಘಟನೆ ಹುಡುಕಿ, ಗ್ರಾಹಕರ ಹೆಸರು ತೆಗೆದು ಬರೆಯಿರಿ. ಎಷ್ಟು ಸಮಯ ಉಳಿಯಿತು ಎಂಬ ಅಂಕಿ ನಿಜವಾಗಿ ಇದ್ದರೆ ಮಾತ್ರ ಹಾಕಿ.

ಹುದ್ದೆಗಳನ್ನು ಹುಡುಕುವಾಗ ನೇರ ಜಾವಾ ಡೆವಲಪರ್ ಕೆಲಸಗಳ ಜೊತೆಗೆ ಎಸ್‌ಆರ್‌ಇ (ವ್ಯವಸ್ಥೆ ಬೀಳದಂತೆ ನೋಡಿಕೊಳ್ಳುವ ಎಂಜಿನಿಯರ್), ಕ್ಲೌಡ್ ಆಪರೇಶನ್ಸ್, ಪ್ಲಾಟ್‌ಫಾರ್ಮ್ ತಂಡದ ಕೆಲಸಗಳನ್ನೂ ನೋಡಿ. ಸಪೋರ್ಟ್‌ನಿಂದ ಅಲ್ಲಿಗೆ ದಾರಿ ಹತ್ತಿರ, ಅಲ್ಲಿ ಕೋಡ್ ಬರೆಯುವ ಕೆಲಸವೂ ಇರುತ್ತದೆ. ಅಂಥ ಕೆಲಸ ಸಿಕ್ಕ ಮೇಲೆ ಸಿಕೆಎ ಬಗ್ಗೆ ಯೋಚಿಸಿ. ಅದರ ಶುಲ್ಕ 400 ಡಾಲರ್ ದಾಟಿದೆ, ಒಂದು ಮರುಪರೀಕ್ಷೆ ಅದರಲ್ಲೇ ಸೇರಿದೆ, ಎರಡೇ ವರ್ಷ ಚಾಲ್ತಿ. ಸ್ವಂತ ಹಣ ಹಾಕುವುದಾದರೆ ರಿಯಾಯಿತಿ ಬರುವವರೆಗೆ ಕಾಯಿರಿ. ಪ್ರಾಡಕ್ಟ್ ಕಂಪನಿಯೇ ಗುರಿಯಾದರೆ ದೊಡ್ಡಮ್ಮನ ಮಗನ ಮಾತು ಕೇಳಿ. ಅಲ್ಲಿ ಎರಡನೇ ಸರ್ಟಿಫಿಕೇಟ್‌ಗೆ ಹಾಕುವ ಮೂರು ತಿಂಗಳನ್ನು ಡಿಎಸ್‌ಎಗೆ ಕೊಡುವುದೇ ಲಾಭ.

ಎಡಬ್ಲ್ಯುಎಸ್ ಸರ್ಟಿಫಿಕೇಟ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಪಾಸಾದ ಮೇಲೆ ಮುಂದಿನ ಪರೀಕ್ಷೆಗೆ ಅರ್ಧ ಶುಲ್ಕದ ವೋಚರ್ ಸಿಗುತ್ತದೆ, ಅದೊಂದೇ ಕಾರಣಕ್ಕೆ ಇನ್ನೊಂದು ಪರೀಕ್ಷೆಗೆ ಹೊರಡಬೇಡಿ. ನಿಮ್ಮ ಕಂಪನಿ ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್ ಬಳಸುವುದಾದರೆ ಮೊದಲ ಆಯ್ಕೆಯೇ ಮೈಕ್ರೋಸಾಫ್ಟ್‌ನ ಪರೀಕ್ಷೆ ಆಗಲಿ. ಅಲ್ಲಿ ಅಸೋಸಿಯೇಟ್ ಮಟ್ಟದ ಸರ್ಟಿಫಿಕೇಟ್ ಒಂದೇ ವರ್ಷ ಚಾಲ್ತಿ, ಆದರೆ ನವೀಕರಣ ಉಚಿತ, ಮನೆಯಲ್ಲೇ ಪುಸ್ತಕ ತೆರೆದಿಟ್ಟುಕೊಂಡು ಉತ್ತರಿಸಬಹುದು, ಅವಧಿ ಮುಗಿಯುವ ಆರು ತಿಂಗಳ ಮೊದಲಿನಿಂದಲೇ ಅವಕಾಶ. ಒಂದು ದಿನ ತಪ್ಪಿದರೂ ಮತ್ತೆ ಪೂರ್ತಿ ಪರೀಕ್ಷೆ ಬರೆಯಬೇಕು, ದಿನಾಂಕವನ್ನು ಕ್ಯಾಲೆಂಡರ್‌ಗೆ ಹಾಕಿಡಿ. ಎಡಬ್ಲ್ಯುಎಸ್‌ನದ್ದು ಮುಗಿಯುವ ಹೊತ್ತಿಗೆ ನೀವು ಕ್ಲೌಡ್ ಕೆಲಸದಲ್ಲಿದ್ದರೆ ಕಂಪನಿ ಶುಲ್ಕ ಕೊಟ್ಟರಷ್ಟೇ ನವೀಕರಿಸಿ, ಆಗ ಅನುಭವದ ಸಾಲುಗಳೇ ಸಾಕಾಗುತ್ತವೆ. ಪಾಸಾಗಿ ಆರು ತಿಂಗಳಾದರೂ ಈ ಕಂಪನಿಯಲ್ಲಿ ಪ್ರಾಜೆಕ್ಟ್ ಬದಲಾಗದಿದ್ದರೆ ಇನ್ನೊಂದು ಅಪ್ರೈಸಲ್‌ಗೆ ಕಾಯಬೇಡಿ, ಮತ್ತೊಂದು ಸರ್ಟಿಫಿಕೇಟ್‌ಗೂ ಹಣ ಹಾಕಬೇಡಿ. ನಿಮ್ಮ ನೋಟಿಸ್ ಪೀರಿಯಡ್ ಎಷ್ಟು ದಿನ ಎಂದು ಆಫರ್ ಲೆಟರ್ ತೆಗೆದು ನೋಡಿಕೊಂಡು, ಹೊರಗೆ ಅರ್ಜಿ ಹಾಕಲು ಶುರು ಮಾಡಿ.